ಸಚಿವ ಸಂಪುಟದ ಕೂಡು-ಕಳೆ ಲೆಕ್ಕ

ಒಂದು ಸಂಸತ್ತು ಇದೆ ಅಂದುಕೊಳ್ಳಿ. ಒಟ್ಟು 100 ಸೀಟು. ಚುನಾವಣೆ ಮುಗಿದು ಫಲಿತಾಂಶ ಬಂದಿದೆ. ಒಂದು ಪಕ್ಷಕ್ಕೆ 45, ಇನ್ನೊಂದಕ್ಕೆ 40, ಮತ್ತೊಂದಕ್ಕೆ 15. ಸರ್ಕಾರ ಮಾಡಲು 51 ಬೇಕು, ಯಾರ ಹತ್ತಿರವೂ ಅಷ್ಟಿಲ್ಲ. ಈಗ ಹೇಳಿ, ಮೂವರಲ್ಲಿ ಯಾರ ಕೈ ಮೇಲು?

45 ಸೀಟಿನ ಪಕ್ಷದ್ದು ಅನ್ನಿಸುವುದು ಸಹಜ. ಆದರೆ ಕೂಡಿಸಿ ನೋಡಿ. ಮೊದಲನೆಯದೂ ಎರಡನೆಯದೂ ಸೇರಿದರೆ 85, ಮೊದಲನೆಯದೂ ಮೂರನೆಯದೂ ಸೇರಿದರೆ 60, ಕೊನೆಯ ಎರಡು ಸೇರಿದರೆ 55. ಯಾವ ಇಬ್ಬರು ಕೈ ಜೋಡಿಸಿದರೂ ಸರ್ಕಾರ ಆಗುತ್ತದೆ. ಅಂದರೆ ಚೌಕಾಸಿಗೆ ಕೂತಾಗ ಮೂವರೂ ಸರಿಸಮ. ಇದನ್ನು ಅಳೆಯಲು ಲಾಯ್ಡ್ ಶೇಪ್ಲಿ ಮತ್ತು ಮಾರ್ಟಿನ್ ಶುಬಿಕ್ 1954ರಲ್ಲಿ ಒಂದು ಸೂತ್ರ ಕೊಟ್ಟರು. ಪಕ್ಷಗಳು ಒಂದರ ಹಿಂದೆ ಒಂದು ಬಂದು ಸೇರುತ್ತವೆ. ಯಾರು ಬಂದ ಕೂಡಲೇ ಬಹುಮತದ ಗೆರೆ ದಾಟುತ್ತದೋ ಅವರೇ ನಿರ್ಣಾಯಕ. ಮೂರು ಪಕ್ಷಗಳು ಬರುವ ಕ್ರಮ ಒಟ್ಟು 6. ಪ್ರತಿ ಪಕ್ಷವೂ ಅದರಲ್ಲಿ 2 ಸಲ ನಿರ್ಣಾಯಕ. ಹಾಗಾಗಿ ಎಲ್ಲರ ಬಲವೂ ಮೂರರಲ್ಲಿ ಒಂದು ಪಾಲು. 45ಕ್ಕೂ ಅಷ್ಟೇ, 15ಕ್ಕೂ ಅಷ್ಟೇ.

ಇನ್ನು ಯಾರು ಯಾರ ಜೊತೆ ಹೋಗುತ್ತಾರೆ? ಅಮೆರಿಕದ ರಾಜಕೀಯ ವಿಜ್ಞಾನಿ ವಿಲಿಯಂ ರೈಕರ್ 1962ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಗೆಲ್ಲಲು ಎಷ್ಟು ಬೇಕೋ ಅಷ್ಟೇ ಜನರನ್ನು ಸೇರಿಸಿಕೊಳ್ಳುತ್ತಾರೆ, ಸುಮ್ನೆ ಜಾಸ್ತಿ ಜನರನ್ನು ಕರೆದು ಅಧಿಕಾರ ಹಂಚಿಕೊಳ್ಳುವುದಿಲ್ಲ ಎಂದರು. ಅವರ ಪ್ರಕಾರ ನಮ್ಮ ಉದಾಹರಣೆಯಲ್ಲಿ 40 ಮತ್ತು 15 ಸೇರಬೇಕು. ಕೇಳಲು ಚೆನ್ನಾಗಿದೆ. ಆದರೆ ಡೆನ್ಮಾರ್ಕ್‌ನಲ್ಲಿ ಅಲ್ಪಮತದ ಸರ್ಕಾರಗಳೇ ಮಾಮೂಲು. ಸ್ವಿಟ್ಜರ್ಲೆಂಡ್‌ನಲ್ಲಿ ಅಗತ್ಯಕ್ಕಿಂತ ಹೆಚ್ಚು ಪಕ್ಷಗಳು ದಶಕಗಳಿಂದ ಒಟ್ಟಿಗೇ ಸರ್ಕಾರದಲ್ಲಿವೆ. ರೈಕರ್ ಸೂತ್ರಕ್ಕೆ ಅಪವಾದಗಳೇ ಬೇಕಾದಷ್ಟು.

ನಿಜವಾದ ಅಚ್ಚರಿ ಇರುವುದು ಖಾತೆ ಹಂಚಿಕೆಯಲ್ಲಿ. 40 ಮತ್ತು 15 ಸೇರಿ 22 ಮಂತ್ರಿಗಳ ಸಂಪುಟ ಮಾಡುತ್ತವೆ ಎನ್ನೋಣ. ಚೌಕಾಸಿಯ ಬಲ ನೋಡಿದರೆ ಚಿಕ್ಕ ಪಕ್ಷ 11 ಕುರ್ಚಿ ಕೇಳಬಹುದು. ಅದು ಎದ್ದು ಹೋದರೆ ಸರ್ಕಾರವೇ ಇಲ್ಲವಲ್ಲ. ಆದರೆ ಹಾಗೆ ಆಗುವುದು ತೀರಾ ಅಪರೂಪ. ವಿಲಿಯಂ ಗ್ಯಾಮ್ಸನ್ ಎಂಬ ಸಮಾಜಶಾಸ್ತ್ರಜ್ಞರು 1961ರಲ್ಲಿ ಒಂದು ಸರಳ ಊಹೆ ಮಾಡಿದ್ದರು. ಮೈತ್ರಿಗೆ ಯಾರು ಎಷ್ಟು ಸೀಟು ತರುತ್ತಾರೋ ಅದೇ ಅನುಪಾತದಲ್ಲಿ ಪಾಲು ಪಡೆಯುತ್ತಾರೆ ಎಂದು. ಆ ಲೆಕ್ಕದಲ್ಲಿ ಚಿಕ್ಕ ಪಕ್ಷಕ್ಕೆ ಸಿಗುವುದು 22ರಲ್ಲಿ 6. ಎರಿಕ್ ಬ್ರೌನ್ ಮತ್ತು ಮಾರ್ಕ್ ಫ್ರಾಂಕ್ಲಿನ್ 1973ರಲ್ಲಿ ಯುರೋಪಿನ ಸಮ್ಮಿಶ್ರ ಸರ್ಕಾರಗಳ ಅಂಕಿಗಳನ್ನು ಈ ಊಹೆಯ ಪಕ್ಕ ಇಟ್ಟು ನೋಡಿದರು. ಹೊಂದಿಕೆ ಬೆರಗು ಹುಟ್ಟಿಸುವಂತಿತ್ತು. ಸೀಟಿನ ಪಾಲು ಎಷ್ಟೋ ಕುರ್ಚಿಯ ಪಾಲೂ ಹೆಚ್ಚುಕಡಿಮೆ ಅಷ್ಟೇ. ತೀರಾ ಚಿಕ್ಕ ಪಕ್ಷಗಳಿಗೆ ಮಾತ್ರ ಸ್ವಲ್ಪ ಜಾಸ್ತಿ. ರಾಜಕೀಯ ವಿಜ್ಞಾನದಲ್ಲಿ ಇಷ್ಟು ಗಟ್ಟಿಯಾಗಿ ನಿಲ್ಲುವ ನಿಯಮಗಳು ಬೆರಳೆಣಿಕೆಯಷ್ಟು.

ಭಾರತದ ಒಂದು ಲೆಕ್ಕ ನೋಡೋಣ. 2024ರ ಚುನಾವಣೆಯಲ್ಲಿ ಎನ್‌ಡಿಎ ಗೆದ್ದದ್ದು 293 ಸೀಟು. ಅದರಲ್ಲಿ ಬಿಜೆಪಿಯದ್ದು 240, ಮಿತ್ರಪಕ್ಷಗಳದ್ದು 53. ಅಂದರೆ ಮಿತ್ರರ ಪಾಲು ಸುಮಾರು ಶೇ 18. ಜೂನ್ 9ರಂದು ಪ್ರಧಾನಿ ಸೇರಿ 72 ಜನ ಪ್ರಮಾಣವಚನ ಸ್ವೀಕರಿಸಿದರು. ಮಿತ್ರಪಕ್ಷಗಳಿಗೆ ಸಿಕ್ಕಿದ್ದು 11, ಅಂದರೆ ಶೇ 15ರಷ್ಟು. ಗ್ಯಾಮ್ಸನ್ ಊಹೆಗೆ ಹತ್ತಿರವೇ ಇದೆ, ಅಲ್ವಾ? ಒಳಗೆ ಇಣುಕಿದರೆ ಇನ್ನೂ ಸ್ವಾರಸ್ಯ. 16 ಸೀಟಿನ ತೆಲುಗು ದೇಶಂಗೆ ಅನುಪಾತದ ಪ್ರಕಾರ ಸುಮಾರು 4 ಸ್ಥಾನ ಬರಬೇಕಿತ್ತು, ಬಂದದ್ದು 2. 12 ಸೀಟಿನ ಜೆಡಿಯುಗೂ 2. ಆದರೆ 2 ಸೀಟಿನ ಜೆಡಿಎಸ್‌ಗೆ ಒಂದು ಸಂಪುಟ ದರ್ಜೆ, ಒಂದೇ ಸೀಟಿನ ಹಿಂದೂಸ್ತಾನಿ ಅವಾಮ್ ಮೋರ್ಚಾಗೂ ಒಂದು ಸಂಪುಟ ದರ್ಜೆ. ಮಂತ್ರಿಗಿರಿಯನ್ನು ಕಾಲು, ಅರ್ಧ ಅಂತ ತುಂಡು ಮಾಡಿ ಕೊಡಲು ಆಗುವುದಿಲ್ಲ. ಹಾಗಾಗಿ ಪುಟ್ಟ ಪಕ್ಷಕ್ಕೆ ಕೊಡುವುದೇ ಆದರೆ ಕನಿಷ್ಠ ಒಂದು ಕೊಡಲೇಬೇಕು. ಚಿಕ್ಕವರಿಗೆ ಸಿಗುವ ಆ 'ಸ್ವಲ್ಪ ಜಾಸ್ತಿ'ಗೆ ಇದೂ ಒಂದು ಕಾರಣ.

ಸರಿ, ಬಲ ಸಮಾನವಾಗಿದ್ದರೂ ಕುರ್ಚಿ ಯಾಕೆ ಸೀಟಿನ ಪ್ರಕಾರ ಹಂಚಿಕೆಯಾಗುತ್ತದೆ? ಎಲ್ಲರೂ ಒಪ್ಪುವ ಒಂದೇ ಉತ್ತರ ಇನ್ನೂ ಸಿಕ್ಕಿಲ್ಲ. 'ಖಾತೆಗಳೆಲ್ಲ ಒಂದೇ ತೂಕದವಲ್ಲ, ಒಬ್ಬರಿಗೆ ಹಣಕಾಸು ಕೊಟ್ಟು ಇನ್ನೊಬ್ಬರಿಗೆ ಬೇರೆ ಮೂರು ಕೊಟ್ಟರೆ ಸಮ ಆದೀತೇ?' ಎಂದು ಕೆಲವರು ಕೇಳಿದರು. ಪಾಲ್ ವಾರ್ವಿಕ್ ಮತ್ತು ಜೇಮ್ಸ್ ಡ್ರಕ್‌ಮನ್ ಪರಿಣತರನ್ನು ಕೇಳಿ ಪ್ರತಿ ಖಾತೆಗೂ ಒಂದು ತೂಕ ಕಟ್ಟಿದರು. ಅದನ್ನು ಸೇರಿಸಿ ಮತ್ತೆ ಲೆಕ್ಕ ಹಾಕಿದರೂ ಅನುಪಾತ ಹಾಗೇ ನಿಂತಿತು. ನನಗೆ ಒಪ್ಪಿಗೆಯಾಗುವ ವಿವರಣೆ ಇದು: ಪ್ರತಿ ಪಕ್ಷದ ನಾಯಕನ ಬೆನ್ನ ಹಿಂದೆ ಅವನದೇ ಪಕ್ಷದ ಸಂಸದರ ಸಾಲು ಇರುತ್ತದೆ. 40 ಜನರ ಪಕ್ಷಕ್ಕೆ 11, 15 ಜನರ ಪಕ್ಷಕ್ಕೂ 11 ಅಂದರೆ ಮೊದಲ ಪಕ್ಷದೊಳಗೆ ಅತೃಪ್ತರ ದಂಡೇ ಏಳುತ್ತದೆ. ಗುದ್ದಾಟ ಹೊರಗಿನವರ ಜೊತೆ ಮಾತ್ರ ಅಲ್ಲ, ಒಳಗಿನವರ ಜೊತೆಗೂ ಇದೆ.

ಎಷ್ಟು ಕುರ್ಚಿ ಎಂಬುದು ಮುಗಿದ ಮೇಲೆ ಯಾವ ಕುರ್ಚಿ ಎಂಬ ಖಾತೆ ಕ್ಯಾತೆ ಶುರು. ಇದನ್ನೂ ಸೂತ್ರಕ್ಕೆ ಒಪ್ಪಿಸಿದ ಜಾಗ ಒಂದಿದೆ. ಉತ್ತರ ಐರ್ಲೆಂಡ್‌ನಲ್ಲಿ 1998ರ ಶಾಂತಿ ಒಪ್ಪಂದದ ಪ್ರಕಾರ ಖಾತೆಗಳನ್ನು ಬಹುಮಟ್ಟಿಗೆ ಡಿ'ಹಾಂಟ್ ವಿಧಾನದಲ್ಲಿ ಸರದಿಯಂತೆ ಆರಿಸುತ್ತಾರೆ. ಸೀಟುಗಳನ್ನು 1, 2, 3 ಎಂದು ಭಾಗಿಸುತ್ತಾ ಹೋಗಿ. 40ರ ಪಕ್ಷಕ್ಕೆ 40, 20, 13.3, 10 ಬರುತ್ತದೆ. 15ರ ಪಕ್ಷಕ್ಕೆ 15, 7.5. ದೊಡ್ಡ ಅಂಕಿಯವರು ಮೊದಲು ಆರಿಸಬೇಕು. ಹಾಗಾಗಿ ಮೊದಲೆರಡು ಆಯ್ಕೆ ದೊಡ್ಡ ಪಕ್ಷದ್ದು, ಮೂರನೆಯದು ಚಿಕ್ಕದರದ್ದು. ಇಲ್ಲೂ ಜಾಣತನಕ್ಕೆ ಜಾಗವಿದೆ. ನನಗೆ ತುಂಬಾ ಬೇಕಾದ ಖಾತೆ ಎದುರಿನವರಿಗೆ ಬೇಡ ಅಂತ ಗೊತ್ತಿದ್ದರೆ ಅದನ್ನು ಕೊನೆಗೆ ಬಿಟ್ಟು, ಅವರ ಕಣ್ಣಿರುವುದನ್ನು ಮೊದಲು ಎತ್ತಿಕೊಳ್ಳಬಹುದು.

ಸೂತ್ರ ಇಲ್ಲದ ಕಡೆ ಮಾತುಕತೆ ಎಳೆಯುತ್ತದೆ. ಬೆಲ್ಜಿಯಂನಲ್ಲಿ 2010ರ ಜೂನ್‌ನಲ್ಲಿ ಚುನಾವಣೆ ನಡೆದು ಸರ್ಕಾರ ಬಂದದ್ದು 2011ರ ಡಿಸೆಂಬರ್‌ನಲ್ಲಿ, 541 ದಿನಗಳ ನಂತರ. ಅಲ್ಲಿ ಪಕ್ಷಗಳ ಲೆಕ್ಕ ಸಾಲದು, ಭಾಷೆಯ ಲೆಕ್ಕವೂ ಬೇಕು. ಪ್ರಧಾನಿಯನ್ನು ಬಿಟ್ಟರೆ ಸಂಪುಟದಲ್ಲಿ ಡಚ್ ಮಾತಾಡುವವರೂ ಫ್ರೆಂಚ್ ಮಾತಾಡುವವರೂ ಸಮ ಇರಬೇಕು, ಒಟ್ಟು 15 ಮೀರಬಾರದು ಎಂದು ಸಂವಿಧಾನವೇ ಹೇಳುತ್ತದೆ.

ಸಂಪುಟ ಎಷ್ಟು ದೊಡ್ಡದಿರಬೇಕು ಎಂದು ಮೊದಲು ತಮಾಷೆಯಾಗಿ, ಆದರೆ ಹರಿತವಾಗಿ ಕೇಳಿದವರು ಬ್ರಿಟಿಷ್ ಇತಿಹಾಸಕಾರ ಪಾರ್ಕಿನ್‌ಸನ್. 1950ರ ದಶಕದಲ್ಲಿ ಅವರು ಹೇಳಿದ್ದು: 5 ಜನ ಇದ್ದರೆ ಉತ್ತಮ, 20ರ ಆಸುಪಾಸಿಗೆ ಬಂದರೆ ಆ ಮಂಡಳಿಯಿಂದ ಕೆಲಸ ಆಗುವುದಿಲ್ಲ. 5 ಜನರಲ್ಲಿ ಇಬ್ಬಿಬ್ಬರ ಜೋಡಿಗಳು 10. 20 ಜನರಲ್ಲಿ 190. ಪ್ರತಿ ಜೋಡಿಯ ನಡುವೆ ಒಂದು ಮನಸ್ತಾಪಕ್ಕೆ ಅವಕಾಶ ಇದೆ.

2008ರಲ್ಲಿ ವಿಯೆನ್ನಾದ ಮೂವರು ಸಂಶೋಧಕರು, ಕ್ಲಿಮೆಕ್, ಹಾನೆಲ್ ಮತ್ತು ಟರ್ನರ್, ಇದನ್ನು ಗಂಭೀರವಾಗಿ ತೆಗೆದುಕೊಂಡರು. 197 ದೇಶಗಳ ಸಂಪುಟಗಳನ್ನು ಎಣಿಸಿದರು. ಸಂಪುಟ ದೊಡ್ಡದಾದಷ್ಟೂ ಮಾನವ ಅಭಿವೃದ್ಧಿ ಸೂಚ್ಯಂಕ (ಆಯಸ್ಸು, ಶಿಕ್ಷಣ, ಆದಾಯ ಸೇರಿಸಿ ಕೊಡುವ ಅಂಕ) ಕೆಳಗಿರುವ ಪ್ರವೃತ್ತಿ ಕಂಡಿತು. ಪಕ್ಕದವರಲ್ಲಿ ಹೆಚ್ಚಿನವರು ಹೇಳಿದ್ದಕ್ಕೆ ಮನಸ್ಸು ಬದಲಿಸುವ ಸದಸ್ಯರನ್ನು ಕಂಪ್ಯೂಟರ್‌ನಲ್ಲಿ ಕೂರಿಸಿ ನೋಡಿದಾಗ, ಸುಮಾರು 20 ದಾಟಿದ ಮೇಲೆ ಗುಂಪು ಒಮ್ಮತಕ್ಕೆ ಬರುವ ಬದಲು ಬಣಗಳಾಗಿ ಒಡೆಯುವುದು ಹೆಚ್ಚಾಯಿತು. 8 ಕೂಡ ಕೆಟ್ಟ ಸಂಖ್ಯೆ ಎಂದು ಬಂತು. ತಮಾಷೆ ಅಂದರೆ 8 ಜನರ ಸಂಪುಟ ಯಾವ ದೇಶದಲ್ಲೂ ಇರಲಿಲ್ಲ. ಪಾರ್ಕಿನ್‌ಸನ್ ಹುಡುಕಿದಾಗ ಸಿಕ್ಕಿದ್ದು ಇಂಗ್ಲೆಂಡಿನ ಮೊದಲನೇ ಚಾರ್ಲ್ಸ್ ದೊರೆಯ ಮಂಡಳಿ ಮಾತ್ರ. ಅವನ ತಲೆ 1649ರಲ್ಲಿ ಹೋಯಿತು.

ಆದರೆ ದೊಡ್ಡ ಸಂಪುಟದಿಂದ ದೇಶ ಹಿಂದುಳಿಯಿತು ಎಂದು ಇದರಿಂದ ಹೇಳಲಾಗದು. ಒಡಕು ಹೆಚ್ಚಿರುವ ದೇಶದಲ್ಲಿ ಎಲ್ಲರನ್ನೂ ಸಮಾಧಾನ ಮಾಡಲೆಂದೇ ಸಂಪುಟ ಉಬ್ಬಿರಬಹುದು. ನನಗೆ ಅದಕ್ಕಿಂತ ದೊಡ್ಡ ಅನುಮಾನ ಇನ್ನೊಂದಿದೆ. ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ತೀರ್ಮಾನ ಮಾಡುತ್ತಾರಾ? ಸಂಪುಟಕ್ಕೆ ಎರಡು ಕೆಲಸ. ಬಹುಮತ ಉಳಿಸಿಕೊಳ್ಳುವುದು ಒಂದು, ಅದಕ್ಕೆ ಹೆಚ್ಚು ಕುರ್ಚಿ ಬೇಕು. ತೀರ್ಮಾನ ತೆಗೆದುಕೊಳ್ಳುವುದು ಇನ್ನೊಂದು, ಅದಕ್ಕೆ ಕಡಿಮೆ ಜನ ಬೇಕು. ಎರಡನ್ನೂ ಒಂದೇ ಮೇಜಿನ ಸುತ್ತ ಮಾಡಲು ಆಗದೆ ಸರ್ಕಾರಗಳು ಒಳಗೊಂದು ಚಿಕ್ಕ ಮೇಜು ಹಾಕಿಕೊಳ್ಳುತ್ತವೆ. ಬ್ರಿಟನ್ನಿನಲ್ಲಿ 1916ರ ಡಿಸೆಂಬರ್‌ನಲ್ಲಿ ಲಾಯ್ಡ್ ಜಾರ್ಜ್ ಪ್ರಧಾನಿಯಾದಾಗ ಯುದ್ಧ ಸಂಪುಟಕ್ಕೆ ಇಟ್ಟದ್ದು 5 ಜನರನ್ನು. 1940ರ ಮೇನಲ್ಲಿ ಚರ್ಚಿಲ್ ಶುರು ಮಾಡಿದ್ದೂ 5 ಜನರಿಂದಲೇ.

ಭಾರತದಲ್ಲಿ ಸಂವಿಧಾನದ 91ನೇ ತಿದ್ದುಪಡಿ 2003ರಲ್ಲಿ ಮಂತ್ರಿಗಳ ಸಂಖ್ಯೆಗೆ ಮಿತಿ ಹಾಕಿತು. ಲೋಕಸಭೆಯ ಬಲದ ಶೇ 15 ಮೀರುವಂತಿಲ್ಲ. ಈಗಿನ 543ಕ್ಕೆ ಅದು 81. ಅದರಲ್ಲಿ ಸಂಪುಟ ದರ್ಜೆಯವರು, ರಾಜ್ಯ ಸಚಿವರು ಎಲ್ಲ ಬಂದರು. 2024ರಲ್ಲಿ ಪ್ರಮಾಣವಚನ ಸ್ವೀಕರಿಸಿದ 72 ಜನರಲ್ಲಿ ಸಂಪುಟ ದರ್ಜೆಯವರು ಪ್ರಧಾನಿ ಸೇರಿ 31. ಇನ್ನು ರಕ್ಷಣೆಯ ದೊಡ್ಡ ತೀರ್ಮಾನಗಳು ಹೋಗುವುದು ಭದ್ರತಾ ಸಂಪುಟ ಸಮಿತಿಗೆ. ಅಲ್ಲಿ ಪ್ರಧಾನಿ, ಗೃಹ, ರಕ್ಷಣೆ, ಹಣಕಾಸು, ವಿದೇಶಾಂಗ ಸಚಿವರು ಅಷ್ಟೇ. 72, 31, 5. ಇವುಗಳಲ್ಲಿ ಯಾವುದನ್ನು 'ಸಂಪುಟದ ಗಾತ್ರ' ಎಂದು ಎಣಿಸುತ್ತೀರಿ ಎನ್ನುವುದರ ಮೇಲೆ 197 ದೇಶಗಳ ಪಟ್ಟಿಯಲ್ಲಿ ನಿಮ್ಮ ದೇಶ ಎಲ್ಲಿ ನಿಲ್ಲುತ್ತದೆ ಎನ್ನುವುದೂ ಬದಲಾಗುತ್ತದೆ.