ಮಳೆ ಬಂದ ಮರುದಿನದ ಕಡಲು

ರಾತ್ರಿಯಿಡೀ ಮಳೆ ಹೊಡೆದು ಬೆಳಗ್ಗೆ ಬಿಸಿಲು ಬಿದ್ದರೆ ಕಾಸರಗೋಡು ಜಿಲ್ಲೆಯ ಬೇಕಲದ ಕಡಲ ತೀರದಲ್ಲಿ ಜನ ಜಾಸ್ತಿ. ಗಾಳಿ ತಂಪು, ಬಾನು ತಿಳಿ, ಮಕ್ಕಳು ನೀರಿಗಿಳಿಯಲು ಹಟ ಹಿಡಿಯುತ್ತಾರೆ. ದಡದ ನೀರಿನಲ್ಲಿ ಕಾಯಿಲೆ ತರುವ ಜೀವಿಗಳು ಹೆಚ್ಚಾಗುವುದೂ ಅಂಥ ದಿನವೇ. ಜೀವರಕ್ಷಕರು ನೆಡುವ ಕೆಂಪು ಬಾವುಟ ಅಲೆ ಮತ್ತು ಸೆಳೆತದ ಬಗ್ಗೆ ಹೇಳುತ್ತದೆ. ನೀರಿನ ಕೊಳಕಿನ ಬಗ್ಗೆ ಅದು ಏನೂ ಹೇಳುವುದಿಲ್ಲ.

ಕೊಳಕು ಬರುವುದು ಹೊಳೆಯ ದಾರಿಯಲ್ಲಿ. ಪಯಸ್ವಿನಿ ಕೊಡಗಿನ ಬೆಟ್ಟದಿಂದ ಇಳಿದು, ಸುಳ್ಯದ ಮಗ್ಗುಲಲ್ಲಿ ಹರಿದು, ಕಾಸರಗೋಡಿನಲ್ಲಿ ಚಂದ್ರಗಿರಿಯಾಗಿ ತಳಂಗರೆಯ ಬಳಿ ಕಡಲು ಸೇರುತ್ತದೆ. ದಾರಿಯುದ್ದಕ್ಕೂ ತೋಡು, ಚರಂಡಿ, ಹಟ್ಟಿಯ ನೀರೆಲ್ಲ ಅದಕ್ಕೇ. ನಮ್ಮ ಕಡೆಯ ನೆಲ ಮುರಕಲ್ಲಿನದು, ತೂತು ಜಾಸ್ತಿ. ಮಳೆಗಾಲದಲ್ಲಿ ಕಕ್ಕಸು ಗುಂಡಿಯ ನೀರು ಬಾವಿಗೂ ತೋಡಿಗೂ ಸುಲಭವಾಗಿ ದಾಟುತ್ತದೆ. ಸಣ್ಣ ಹೊಳೆಗಳ ಪಾಡು ಬೇರೆ. ಬೇಸಿಗೆಯಲ್ಲಿ ಅವುಗಳ ಅಳಿವೆ ಮರಳು ಕಟ್ಟಿ ಮುಚ್ಚಿಕೊಳ್ಳುವುದುಂಟು. ನೀರು ಒಳಗೇ ನಿಂತು ಕೊಳೆಯುತ್ತದೆ. ಮೊದಲ ದೊಡ್ಡ ಮಳೆಗೆ ಅಳಿವೆ ಒಡೆಯಿತೆಂದರೆ ಕೂಡಿಟ್ಟದ್ದೆಲ್ಲ ಒಂದೇ ಸಲ ಕಡಲಿಗೆ ನುಗ್ಗುತ್ತದೆ.

ಅಷ್ಟು ದೊಡ್ಡ ಕಡಲಿನಲ್ಲಿ ಇದೆಲ್ಲ ಎಲ್ಲೋ ಕರಗಿಹೋಗುತ್ತದೆ ಎಂದು ಅನ್ನಿಸುತ್ತದೆ ಅಲ್ವಾ? ಕೊನೆಗೆ ಕರಗುತ್ತದೆ, ನಿಜ. ಆದರೆ ಹೊಳೆಯ ಸಿಹಿನೀರು ಹಗುರ. ಅದು ಉಪ್ಪುನೀರಿನ ಮೇಲೆ ತೇಲುತ್ತಾ, ಅಲೆಗಳು ಒತ್ತಿದ ಹಾಗೆ ದಡದ ಗುಂಟವೇ ಸಾಗುವುದು ಹೆಚ್ಚು. ನಾವು ಮೀಯುವುದೂ ಅದೇ ಪಟ್ಟಿಯಲ್ಲಿ.

ನೀರಿನಲ್ಲಿ ಯಾವ ಯಾವ ರೋಗಾಣು ಇದೆ ಎಂದು ಒಂದೊಂದನ್ನೇ ಹುಡುಕುವುದು ದುಬಾರಿ ಕೆಲಸ. ಹಾಗಾಗಿ ಮನುಷ್ಯರ ಮತ್ತು ದನಕರುಗಳ ಕರುಳಿನಲ್ಲಿ ಇರುವ ಬ್ಯಾಕ್ಟೀರಿಯಾಗಳನ್ನು ಎಣಿಸುತ್ತಾರೆ. ಅವು ಸಿಕ್ಕರೆ ನೀರಿಗೆ ಮಲ ಸೇರಿದೆ ಎಂದರ್ಥ. ಅದರ ಜೊತೆ ವಾಂತಿಭೇದಿಯ ವೈರಸ್, ಹೆಪಟೈಟಿಸ್-ಎ ಕೂಡ ಬಂದಿರಬಹುದು. ನಮ್ಮ ದೇಶದ ನಿಯಮದ ಪ್ರಕಾರ ಈಜುವ ಕಡಲ ನೀರಿನ 100 ಮಿಲಿಲೀಟರಿನಲ್ಲಿ ಫೀಕಲ್ ಕೋಲಿಫಾರ್ಮ್ ಎಂಬ ಕರುಳಿನ ಬ್ಯಾಕ್ಟೀರಿಯಾ ಗುಂಪು 100ರ ಒಳಗಿರಬೇಕು. ಎಂಟರೋಕಾಕಸ್ ಎಂಬ ಇನ್ನೊಂದು ಗುಂಪು ಉಪ್ಪುನೀರಿನಲ್ಲಿ ಹೆಚ್ಚು ಹೊತ್ತು ಬದುಕುತ್ತದೆ. ಅದಕ್ಕೇ ಅಮೆರಿಕ, ಯುರೋಪಿನವರು ಕಡಲಿಗೆ ಅದನ್ನು ನಂಬುತ್ತಾರೆ.

ಪರೀಕ್ಷೆ ನಡೆಯುವ ರೀತಿ ನೋಡಿ. ಮಾದರಿ ತೆಗೆಯುವವರು ಸೊಂಟದವರೆಗೆ ನೀರಿಗಿಳಿಯುತ್ತಾರೆ. ಬಾಟಲಿಯನ್ನು ಕವುಚಿ ಹಿಡಿದು ಒಂದಡಿ ಮುಳುಗಿಸುತ್ತಾರೆ. ಅಲ್ಲಿ ಅದರ ಬಾಯಿಯನ್ನು ಅಲೆ ಬರುವ ಕಡೆಗೆ ತಿರುಗಿಸಿ ತುಂಬಿಸುತ್ತಾರೆ. ಐಸ್ ಪೆಟ್ಟಿಗೆಯಲ್ಲಿಟ್ಟು ಆರು ಗಂಟೆಯೊಳಗೆ ಪ್ರಯೋಗಾಲಯ ಮುಟ್ಟಿಸಬೇಕು. ಅಲ್ಲಿ ಹಾಲಿನ ಸಕ್ಕರೆ ಬೆರೆಸಿದ ದ್ರವವಿರುವ ಗಾಜಿನ ಕೊಳವೆಗಳಿಗೆ ಈ ನೀರನ್ನು ಹಾಕುತ್ತಾರೆ. ಪ್ರತಿ ಕೊಳವೆಯೊಳಗೆ ಬೆರಳುದ್ದವೂ ಇಲ್ಲದ ಇನ್ನೊಂದು ಪುಟ್ಟ ಕೊಳವೆ ತಲೆಕೆಳಗಾಗಿ ನಿಂತಿರುತ್ತದೆ. ಬ್ಯಾಕ್ಟೀರಿಯಾ ಸಕ್ಕರೆ ತಿಂದು ಗಾಳಿ ಬಿಟ್ಟರೆ ಅದರ ನೆತ್ತಿಯಲ್ಲಿ ಒಂದು ಗುಳ್ಳೆ ಕೂಡುತ್ತದೆ. ಇದಕ್ಕೆ 35 ಡಿಗ್ರಿ ಶಾಖದಲ್ಲಿ ಒಂದೆರಡು ದಿನ. ಗುಳ್ಳೆ ಬಂದ ಕೊಳವೆಗಳಿಂದ ಒಂದಿಷ್ಟು ತೆಗೆದು, 44.5 ಡಿಗ್ರಿಯಲ್ಲಿ ಮತ್ತೊಂದು ದಿನ ಇಟ್ಟು ಖಚಿತ ಮಾಡಿಕೊಳ್ಳುತ್ತಾರೆ. ಎಷ್ಟು ಕೊಳವೆಯಲ್ಲಿ ಗುಳ್ಳೆ ಬಂತೋ ಅದರ ಮೇಲೆ ಲೆಕ್ಕ.

ಅಂದರೆ ಶನಿವಾರದ ನೀರಿನ ವರದಿ ಕೈಗೆ ಬರುವಾಗ ಮಂಗಳವಾರ. ಭಾನುವಾರ ಮಿಂದವರು ಮನೆಗೆ ಹೋಗಿ ಆಯಿತು. ಅಷ್ಟರಲ್ಲಿ ಕಡಲೂ ಬದಲಾಗಿರುತ್ತದೆ. ಜೋರು ಬಿಸಿಲಿಗೆ ಈ ಬ್ಯಾಕ್ಟೀರಿಯಾಗಳು ಕೆಲವೇ ಗಂಟೆಗಳಲ್ಲಿ ಸಾಯುತ್ತವೆ. ನೀರು ಕೆಂಪು ಮಣ್ಣಿನಿಂದ ಕದಡಿದ್ದರೆ ಬಿಸಿಲು ಒಳಗಿಳಿಯದೆ ಬದುಕುಳಿಯುತ್ತವೆ. ಉಬ್ಬರ ಇಳಿತಕ್ಕೂ ಲೆಕ್ಕ ಏರುಪೇರು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು. ಕಡಲಿಗೆ ಒಂದು ಬಾಟಲಿ ಸಾಲದು.

ನಮ್ಮ ಬಡಗಿನ ಪಡುಬಿದ್ರಿ, ತೆಂಕಿನ ಕಾಪ್ಪಾಡ್ ಎರಡೂ ತೀರಗಳು 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದವು, ಅಂದರೆ ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ. ನೀರಿನ ವರದಿಯನ್ನು ತೀರದಲ್ಲೇ ಹಾಕಬೇಕು ಎಂಬುದು ಅದರ ಷರತ್ತು. ಬಹಳ ಒಳ್ಳೆಯ ಷರತ್ತು. ಆದರೆ ಅದರಲ್ಲೂ ಎರಡು ಪರೀಕ್ಷೆಗಳ ನಡುವೆ 31 ದಿನದವರೆಗೆ ಅಂತರ ಇರಬಹುದು. ನಿನ್ನೆಯ ಮಳೆ ಏನು ಮಾಡಿತು ಎಂಬುದು ಆ ಹಾಳೆಯಲ್ಲಿ ಇರುವುದಿಲ್ಲ.

ಬ್ಯಾಕ್ಟೀರಿಯಾ ಬೆಳೆಯುವವರೆಗೆ ಕಾಯದೆ ನೀರಿನಲ್ಲಿ ಅದರ ಡಿಎನ್‌ಎಯನ್ನೇ ಹುಡುಕುವ ಪರೀಕ್ಷೆಯಲ್ಲಿ ಫಲಿತಾಂಶ ಅದೇ ದಿನ ಸಿಗುತ್ತದೆ. ಶಿಕಾಗೋದಲ್ಲಿ 2017ರಿಂದ, ಸ್ಯಾನ್ ಡಿಯಾಗೋದಲ್ಲಿ 2022ರಿಂದ ಅದನ್ನೇ ಬಳಸುತ್ತಿದ್ದಾರೆ. ಯಂತ್ರಕ್ಕೂ ರಾಸಾಯನಿಕಕ್ಕೂ ಖರ್ಚು ಜಾಸ್ತಿ. ನನಗೆ ಹೆಚ್ಚು ಹಿಡಿಸಿದ್ದು ಲಾಸ್ ಏಂಜಲೀಸ್‌ನವರ ಸರಳ ಪದ್ಧತಿ. ಅಲ್ಲಿ ಮಳೆ ಬಿದ್ದರೆ ಪರೀಕ್ಷೆಗೆ ಕಾಯುವುದಿಲ್ಲ. ಮೂರು ದಿನ ಚರಂಡಿ, ಹೊಳೆಬಾಯಿಯ ಹತ್ತಿರ ಕಡಲಿಗಿಳಿಯಬೇಡಿ ಎಂದು ಕೂಡಲೇ ಸಾರುತ್ತಾರೆ.

ಇದನ್ನು ಸುಮ್ನೆ ನಕಲು ಮಾಡಿದರೆ ನಮಗೆ ಆಗದು. ಜೂನ್, ಜುಲೈಯಲ್ಲಿ ಇಲ್ಲಿ ಮಳೆ ಬಿಡುವುದೇ ಅಪರೂಪ, ಎಚ್ಚರಿಕೆಗೂ ಬಿಡುವಿರುವುದಿಲ್ಲ. ಆಗ ಅಲೆಗಳೇ ಹೆಚ್ಚಿನವರನ್ನು ದೂರ ಇಡುತ್ತವೆ. ನಿಯಮ ಬೇಕಾಗಿರುವುದು ಮೇ ತಿಂಗಳ ಮೊದಲ ಮಳೆಗಳಿಗೆ, ಅಕ್ಟೋಬರ್ ನವೆಂಬರಿನ ಗುಡುಗು ಮಳೆಗೆ. ಪ್ರವಾಸಿಗಳು ಬರುವ ಕಾಲದಲ್ಲೇ ಹೊಳೆ ಕೆಂಪಾಗಿ ಕಡಲು ಸೇರುವ ದಿನಗಳು ಇವು.

ಮಳೆಗಾಲದ ನಡುವೆಯೂ ಜನ ನೀರು ಮುಟ್ಟುವ ಒಂದು ದಿನವಿದೆ. ಕರ್ಕಾಟಕ ಅಮಾವಾಸ್ಯೆಗೆ ಬೇಕಲದ ಹತ್ತಿರದ ತ್ರಿಕ್ಕನ್ನಾಡು ದೇವಸ್ಥಾನದ ಮುಂದಿನ ಕಡಲ ತೀರದಲ್ಲಿ ಪಿತೃಗಳಿಗೆ ಬಲಿ ಇಡಲು ಭಕ್ತರು ಸೇರುತ್ತಾರೆ. ಹಿರಿಯರನ್ನು ನೆನೆಯಲು ಬಂದವರನ್ನು ತಡೆಯಬೇಕೆಂದು ನಾನು ಹೇಳುವುದಿಲ್ಲ. ನೀರು ಬಾಯಿಗೆ ಹೋಗದಂತೆ ನೋಡಿಕೊಳ್ಳಿ, ಗಾಯವಿದ್ದರೆ ಮುಳುಗಬೇಡಿ, ಮಿಂದ ಮೇಲೆ ಒಳ್ಳೆಯ ನೀರಿನಲ್ಲಿ ಮೈ ತೊಳೆದುಕೊಳ್ಳಿ ಎಂದು ಮೈಕಿನಲ್ಲಿ ಹೇಳಬಹುದು. ಮೈ ತೊಳೆಯಲು ನಲ್ಲಿ ಹಾಕಿಸಬಹುದು.

ಮಕ್ಕಳ ಮೇಲೆ ವಿಶೇಷ ಗಮನ ಬೇಕು. ಈಜುಕೊಳದಲ್ಲಿ ನಡೆಸಿದ ಒಂದು ಅಧ್ಯಯನದಲ್ಲಿ ದೊಡ್ಡವರು 45 ನಿಮಿಷದಲ್ಲಿ ಸುಮಾರು 16 ಮಿಲಿಲೀಟರ್ ನೀರು ನುಂಗಿದ್ದರು, ಮಕ್ಕಳು 37. ಪುಟ್ಟ ಮೈಗೆ ಎರಡು ಪಟ್ಟು ನೀರು!

ಬಾಟಲಿ ಪರೀಕ್ಷೆ ಬೇಡವೆಂದಲ್ಲ. ಯಾವ ಅಳಿವೆಯಿಂದ ಎಷ್ಟು ದೂರದವರೆಗೆ, ಎಷ್ಟು ಮಳೆಗೆ, ಎಷ್ಟು ದಿನ ನೀರು ಕೆಡುತ್ತದೆ ಎಂದು ಊರೂರಿಗೆ ಲೆಕ್ಕ ಹಾಕಲು ಅದೇ ಬೇಕು. ಆ ಲೆಕ್ಕ ಸಿಗುವವರೆಗೆ ಮಂಜೇಶ್ವರದಿಂದ ತೆಂಕಕ್ಕೆ ಪ್ರತಿ ಅಳಿವೆಯ ಬಳಿ ಒಂದೊಂದು ಫಲಕ ನಿಲ್ಲಿಸಲು ಪಂಚಾಯತಿಗೆ ದೊಡ್ಡ ಖರ್ಚಿಲ್ಲ. ಕನ್ನಡ, ಮಲಯಾಳ ಎರಡರಲ್ಲೂ ಇರಲಿ, ಓದು ಬಾರದವರಿಗೆ ಚಿತ್ರವೂ ಇರಲಿ: ಜೋರು ಮಳೆ ಬಂದರೆ ಮೂರು ದಿನ ಇಲ್ಲಿ ಮೀಯಬೇಡಿ.