ಮೊದಲ ಹೆಜ್ಜೆ ಯಾರದು? ಕೃಪೆಯ ಹಳೆಯ ತಕರಾರು

ಬೀದರ್‌ನ ಮೆಥೋಡಿಸ್ಟ್ ಸಭೆಯಲ್ಲಿ ಕೇಳಿಬರುವ ಮಾತು ‘ಕೃಪೆ’. ಕಲಬುರಗಿಯ ಕಥೋಲಿಕ ಪ್ರಧಾನಾಲಯದಲ್ಲಿ ಜಪಸರ ಹಿಡಿದವರ ಬಾಯಲ್ಲಿ ಬರುವುದು ‘ವರಪ್ರಸಾದ’. ಬೈಬಲಿನ ಗ್ರೀಕ್ ಮೂಲದಲ್ಲಿ ಎರಡಕ್ಕೂ ಬೇರು ಒಂದೇ, ‘ಖಾರಿಸ್’. ಆದರೆ ಕನ್ನಡದಲ್ಲಿ ಎರಡರ ಧ್ವನಿ ಬೇರೆ. ಕೃಪೆ ಅಂದಾಗ ಕೊಡುವವನ ಮನಸ್ಸು ಕಣ್ಣಮುಂದೆ ಬರುತ್ತದೆ, ವರಪ್ರಸಾದ ಅಂದಾಗ ಅಂಗೈಗೆ ಬಿದ್ದ ವಸ್ತು. ಹದಿನಾರನೇ ಶತಮಾನದಲ್ಲಿ ಕಥೋಲಿಕರಿಗೂ ಪ್ರೊಟೆಸ್ಟಂಟರಿಗೂ ನಡೆದ ಜಗಳದ ಅರ್ಧ ಈ ವ್ಯತ್ಯಾಸದೊಳಗೇ ಇತ್ತು.

ಈ ಭಾಗದ ಬೈಬಲ್ ತರಗತಿಗಳಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆ ಇದು: ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ಪೂರ್ತಿ ದೇವರ ಕೆಲಸವಾದರೆ ನಾನು ಪಶ್ಚಾತ್ತಾಪ ಪಡುವುದೇಕೆ? ತೀರ್ಮಾನ ನನ್ನದೇ ಆದರೆ ಅದನ್ನು ಕೃಪೆ ಅನ್ನುವುದೇಕೆ? ಒಂದೇ ಪ್ರಶ್ನೆಯಂತೆ ಕಂಡರೂ ಇದರಲ್ಲಿ ಮೂರು ಗಂಟುಗಳಿವೆ. ಶುರು ಮಾಡುವವರು ಯಾರು, ಕೊಟ್ಟದ್ದನ್ನು ಬೇಡ ಅನ್ನಬಹುದೇ, ಪಡೆದದ್ದನ್ನು ಕಳೆದುಕೊಳ್ಳಬಹುದೇ. ಒಂದನ್ನು ಬಿಚ್ಚುವಾಗ ಇನ್ನೊಂದನ್ನು ಎಳೆದರೆ ಮೂರೂ ಬಿಗಿಯುತ್ತವೆ.

ಐದನೇ ಶತಮಾನದ ಆರಂಭದಲ್ಲಿ ರೋಮ್‌ನಲ್ಲಿದ್ದ ಬ್ರಿಟನ್ ಮೂಲದ ವಿರಾಗಿ ಪೆಲಾಗಿಯಸ್‌ಗೆ ಸಿಟ್ಟು ತರಿಸಿದ್ದು ಒಂದು ಪ್ರಾರ್ಥನೆ. ‘ನೀನು ಆಜ್ಞಾಪಿಸಿದ್ದನ್ನು ನೀನೇ ಕೊಡು, ಆಮೇಲೆ ಬೇಕಾದ್ದನ್ನು ಆಜ್ಞಾಪಿಸು’ ಎಂದು ಉತ್ತರ ಆಫ್ರಿಕದ ಹಿಪ್ಪೊ ಪಟ್ಟಣದ ಬಿಷಪ್ ಅಗಸ್ಟೀನ್ ಬರೆದಿದ್ದ. ಹೀಗಾದರೆ ಯಾರು ಬೇಕಾದರೂ ಪಾಪ ಮಾಡಿ ‘ನನಗೆ ಕೊಡಲಿಲ್ಲ’ ಎಂದು ಕೈತೊಳೆದುಕೊಳ್ಳಬಹುದಲ್ಲ ಎಂಬುದು ಪೆಲಾಗಿಯಸ್‌ನ ಆಕ್ಷೇಪ. ಅವನನ್ನು ಖಳನಾಯಕನಾಗಿ ಚಿತ್ರಿಸುವುದು ರೂಢಿ, ಆದರೆ ಅವನ ಚಿಂತೆ ಇದ್ದದ್ದು ಸೋಮಾರಿ ಕ್ರೈಸ್ತರ ಬಗ್ಗೆ. ತಪ್ಪಿದ್ದು ಬೇರೆ ಕಡೆ: ಬೈಬಲಿನ ಧರ್ಮಶಾಸ್ತ್ರ, ಕ್ರಿಸ್ತನ ಮಾದರಿ, ಹುಟ್ಟಿನಿಂದ ಬಂದ ಶಕ್ತಿ, ಇವಿಷ್ಟನ್ನೇ ಅವನು ಕೃಪೆ ಎಂದು ಕರೆದ. ಇಚ್ಛೆಗೇ ಗಾಯವಾಗಿದೆ, ದಾರಿ ತೋರಿಸಿದರೆ ಸಾಲದು ಎಂಬುದು ಅಗಸ್ಟೀನ್‌ನ ಉತ್ತರ. 415ರಲ್ಲಿ ಪ್ಯಾಲೆಸ್ಟೀನಿನ ಸಭೆಯೊಂದು ಪೆಲಾಗಿಯಸ್‌ನನ್ನು ನಿರ್ದೋಷಿ ಎಂದಿತು. 418ರ ಕಾರ್ಥೇಜ್ ಸಭೆ ಅವನ ಬೋಧನೆಯನ್ನು ಖಂಡಿಸಿತು.

ತಕರಾರು ಅಲ್ಲಿಗೆ ಮುಗಿಯಲಿಲ್ಲ. ಈಗಿನ ಟ್ಯುನೀಸಿಯಾದ ಹದ್ರುಮೇತುಂ ಮಠದ ಸನ್ಯಾಸಿಗಳ ಕೈಗೆ ಅಗಸ್ಟೀನ್‌ನ ಹಳೆಯ ಪತ್ರವೊಂದರ ನಕಲು ಸಿಕ್ಕಿತು, ಮಠದಲ್ಲಿ ಗದ್ದಲವಾಯಿತು. ಎಲ್ಲ ಕೃಪೆಯಿಂದಲೇ ಅನ್ನುವುದಾದರೆ ಮಠಾಧಿಪತಿ ನಮ್ಮನ್ನು ಗದರಿಸುವುದೇಕೆ, ನಮಗಾಗಿ ಪ್ರಾರ್ಥಿಸಿದರೆ ಸಾಕಲ್ಲ ಎಂದರು ಕೆಲವರು. 426–27ರ ಸುಮಾರಿಗೆ ಅಗಸ್ಟೀನ್ ಅವರಿಗಾಗಿ ಎರಡು ಪುಸ್ತಕ ಬರೆದ. ಗದರಿಕೆಯೂ ಕೃಪೆ ಕೆಲಸ ಮಾಡುವ ಒಂದು ದಾರಿ, ಯಾರಿಗೆ ಅದು ನಾಟುತ್ತದೆ ಎಂದು ಗದರಿಸುವವನಿಗೆ ಗೊತ್ತಿಲ್ಲದ ಕಾರಣ ಎಲ್ಲರನ್ನೂ ತಿದ್ದಬೇಕು ಎಂಬುದು ಅದರ ಸಾರ. ಪಾಸ್ಟರಾಗಲಿ ಫಾದರಾಗಲಿ ಇಂದಿಗೂ ಬಳಸುವ ಉತ್ತರ ಇದೇ.

ಶ್ರೀವೈಷ್ಣವರ ಮರ್ಕಟ–ಮಾರ್ಜಾಲ ನ್ಯಾಯ ಬಲ್ಲವರಿಗೆ ಇದು ಪರಿಚಿತ ಎನಿಸಬಹುದು. ತಾಯಿಯನ್ನು ಅಪ್ಪಿ ಹಿಡಿಯುವ ಕೋತಿಮರಿ, ತಾಯಿಯೇ ಕಚ್ಚಿಕೊಂಡು ಒಯ್ಯುವ ಬೆಕ್ಕಿನ ಮರಿ. ಹೋಲಿಕೆ ಅರ್ಧದಾರಿಗೆ ನಿಲ್ಲುತ್ತದೆ. ಬೆಕ್ಕಿನ ಮರಿ ಸುಮ್ಮನಿರುತ್ತದೆ. ಅಗಸ್ಟೀನ್ ಹೇಳುವ ಕೃಪೆ ಇಚ್ಛೆಯನ್ನು ಸುಮ್ಮನಿರಿಸುವುದಿಲ್ಲ, ಬಯಸುವಂತೆ ಮಾಡುತ್ತದೆ.

ಮೊದಲ ಗಂಟು ಬಿಚ್ಚಿದ್ದು 529ರಲ್ಲಿ, ದಕ್ಷಿಣ ಫ್ರಾನ್ಸಿನ ಒರಾಂಜ್ ಊರಿನಲ್ಲಿ. ಹೊಸ ಚರ್ಚಿನ ಪ್ರತಿಷ್ಠೆಗೆಂದು ಸೇರಿದ್ದ 14 ಬಿಷಪ್‌ಗಳು 25 ವಿಧಿಗಳಿಗೆ ಸಹಿ ಹಾಕಿದರು. ಆ ಪ್ರಾಂತ್ಯದ ಮಠಗಳಲ್ಲಿ ನಡುದಾರಿಯ ವಾದವೊಂದು ಓಡಾಡುತ್ತಿತ್ತು: ಕೆಲವರಲ್ಲಾದರೂ ಮೊದಲ ಒಲವು ಮನುಷ್ಯನದೇ, ಮುಂದಿನದು ದೇವರದು. ಐದನೇ ವಿಧಿ ಅದನ್ನು ತಳ್ಳಿಹಾಕಿತು. ನಂಬಿಕೆಯ ಆರಂಭವೂ, ನಂಬಬೇಕೆಂಬ ಆಸೆಯೂ ಕೃಪೆಯೇ. ಜೊತೆಗೆ, ದೇವರು ಕೆಲವರನ್ನು ಕೇಡಿಗೆಂದೇ ನೇಮಿಸಿದ್ದಾನೆ ಅನ್ನುವವರನ್ನೂ ಸಭೆ ಶಪಿಸಿತು. ಇಷ್ಟು ಒಳ್ಳೆಯ ತೀರ್ಪು ಮಧ್ಯಯುಗದಲ್ಲಿ ಬಹುಕಾಲ ಪಂಡಿತರ ಕಣ್ಣಿಗೇ ಬೀಳದೆ ಉಳಿಯಿತು.

ಪ್ರೊಟೆಸ್ಟಂಟ್ ಸುಧಾರಣೆಗೆ ಕಿಡಿ ಹಚ್ಚಿದ ಜರ್ಮನಿಯ ಲೂಥರ್ ಕಾಲಕ್ಕೆ ಮತ್ತೆ ಬೆಂಕಿ ಹತ್ತಿತು. 1524ರಲ್ಲಿ ಅವನಿಗೆದುರಾಗಿ ಡಚ್ ಪಂಡಿತ ಎರಾಸ್ಮಸ್ ಕೊಟ್ಟ ಚಿತ್ರ ಚೆನ್ನಾಗಿದೆ: ಇನ್ನೂ ನಡೆಯಲು ಬಾರದ ಮಗುವಿಗೆ ತಂದೆ ಸೇಬು ತೋರಿಸುತ್ತಾನೆ, ಕೈಹಿಡಿದು ನಡೆಸುತ್ತಾನೆ, ಸೇಬನ್ನೂ ಅವನೇ ಕೊಡುತ್ತಾನೆ. ಆದರೂ ಕಾಲು ಎತ್ತಿಟ್ಟದ್ದು ಮಗು. ಮರುವರ್ಷ ಲೂಥರ್ ಕೊಟ್ಟ ಚಿತ್ರ ಸವಾರಿಯ ಪ್ರಾಣಿಯದು. ದೇವರು ಹತ್ತಿದರೆ ದೇವರ ದಾರಿ, ಸೈತಾನ ಹತ್ತಿದರೆ ಅವನ ದಾರಿ, ಸವಾರನನ್ನು ಆರಿಸುವುದು ಪ್ರಾಣಿಯ ಕೈಲಿಲ್ಲ. 1547ರ ಜನವರಿ 13ರಂದು ಕಥೋಲಿಕರ ಟ್ರೆಂಟ್ ಮಹಾಸಭೆ ಇಬ್ಬದಿಗೂ ಬೇಲಿ ಹಾಕಿತು. ಕೃಪೆಯಿಲ್ಲದೆ ಕೇವಲ ಸ್ವಂತ ಕ್ರಿಯೆಗಳಿಂದ ನೀತಿವಂತನಾಗಬಹುದು ಅನ್ನುವಂತಿಲ್ಲ. ದೇವರು ಅಲುಗಿಸಿದ ಇಚ್ಛೆ ನಿರ್ಜೀವ ವಸ್ತುವಿನಂತೆ ಏನೂ ಮಾಡುವುದಿಲ್ಲ ಅನ್ನುವಂತೆಯೂ ಇಲ್ಲ. ಕೃಪೆ ಮತ್ತು ಇಚ್ಛೆ ಹೇಗೆ ಕೂಡಿ ನಡೆಯುತ್ತವೆ ಎಂಬುದನ್ನು ಮಾತ್ರ ಬಿಡಿಸಿ ಹೇಳಲಿಲ್ಲ. ಅದಕ್ಕಾಗಿ ಜೆಸ್ವಿಟರು, ಡೊಮಿನಿಕನ್ನರು ಎಂಬ ಎರಡು ಕಥೋಲಿಕ ಸಂಘಗಳವರು ರೋಮ್‌ನಲ್ಲಿ ವರ್ಷಗಟ್ಟಲೆ ವಾದಿಸಿದರು. 1607ರಲ್ಲಿ ಐದನೇ ಪೌಲ್ ಪೋಪ್ ತೀರ್ಪು ಕೊಡದೆಯೇ ಕಡತ ಮುಚ್ಚಿ, ಪರಸ್ಪರ ಪಾಷಂಡಿ ಎಂದು ಕರೆಯಬೇಡಿ ಎಂದರು. ತೀರ್ಪು ಈವರೆಗೂ ಬಂದಿಲ್ಲ.

ಎರಡನೇ ಗಂಟಿಗೆ ಹಾಲೆಂಡಿನವರು ಕೈಹಾಕಿದರು. ಅಲ್ಲಿನ ದೇವತಾಶಾಸ್ತ್ರಿ ಅರ್ಮೀನಿಯಸ್‌ನ ಅನುಯಾಯಿಗಳು 1610ರಲ್ಲಿ ಐದು ಅಂಶಗಳ ಮನವಿ ಸಲ್ಲಿಸಿದರು, ಕೃಪೆಯನ್ನು ತಡೆಯಬಹುದು ಎಂಬುದು ಅದರಲ್ಲೊಂದು. 1618–19ರಲ್ಲಿ ಹಾಲೆಂಡಿನ ಡಾರ್ಟ್ ಊರಲ್ಲಿ ಸೇರಿದ ಸಭೆ ಅದನ್ನು ತಿರಸ್ಕರಿಸಿತು. ಬೀದರ್‌ಗೆ ಸಂಬಂಧ ಇಲ್ಲಿಂದ ಶುರು. ಮೆಥೋಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ ನಿಂತದ್ದು ಅರ್ಮೀನಿಯಸ್ ಪಕ್ಷದಲ್ಲಿ. 1784ರಲ್ಲಿ ಅಮೆರಿಕದ ಮೆಥೋಡಿಸ್ಟರಿಗಾಗಿ ಇಂಗ್ಲೆಂಡ್ ಸಭೆಯ 39 ವಿಧಿಗಳನ್ನು 24ಕ್ಕೆ ಇಳಿಸುವಾಗ ಅವನು ಪೂರ್ವನೇಮಕದ (ರಕ್ಷಣೆ ಯಾರಿಗೆಂದು ದೇವರು ಮೊದಲೇ ನಿರ್ಧರಿಸಿದ್ದಾನೆ ಎಂಬ) 17ನೇ ವಿಧಿಯನ್ನು ಪೂರ್ತಿ ಕತ್ತರಿಸಿದ, ಇಚ್ಛಾಸ್ವಾತಂತ್ರ್ಯದ ವಿಧಿಯನ್ನು ಉಳಿಸಿಕೊಂಡ. ನಿಜಾಮರ ಕಾಲದಲ್ಲಿ ಬೀದರ್‌ಗೆ ಬಂದ ಅಮೆರಿಕನ್ ಮೆಥೋಡಿಸ್ಟ್ ಮಿಷನರಿಗಳ ಪರಂಪರೆ ಇದೇ. ಉಳಿದ ವಿಧಿಯಲ್ಲಿ ಕೃಪೆ ನಮ್ಮನ್ನು ‘ಪ್ರಿವೆಂಟ್’ ಮಾಡುತ್ತದೆ ಎಂದಿದೆ. ಈಗಿನ ಇಂಗ್ಲಿಷ್ ಅರ್ಥ ಹಿಡಿದರೆ ಕೃಪೆ ನಮ್ಮನ್ನು ತಡೆಯುತ್ತದೆ ಎಂದಾಗಿ ಎಲ್ಲ ತಲೆಕೆಳಗು. ಅಂದಿನ ಅರ್ಥ ‘ಮುಂಚೆ ಬರುವುದು’.

ಈ ಮುಂಚೆ ಬರುವ ಕೃಪೆಯನ್ನು ವಿವರಿಸಲು ಬೀದರ್‌ನ ಸುರಂಗ ಕಾಲುವೆ ಸಾಕು. ಕರೇಜ್ ಎಂಬ ಈ ಕಾಲುವೆಯಲ್ಲಿ ನೀರು ನೆಲದೊಳಗಿನ ಇಳಿಜಾರಿಗೆ ತಾನಾಗಿ ಹರಿದು ಬರುತ್ತದೆ, ಯಾರೂ ಏತ ಹೂಡುವುದಿಲ್ಲ. ಬಾಯಿಗಳಿಗೆ ಕಸ, ಕಲ್ಲು ಸುರಿದರೆ ಹರಿವು ನಿಲ್ಲುತ್ತದೆ. ಹರಿಸುವುದು ನಮ್ಮ ಕೈಲಿಲ್ಲ, ಮುಚ್ಚುವುದು ಇದೆ. ಹೂಳು ತೆಗೆಯುವ ಗುದ್ದಲಿಯೂ ಮೇಲಿನಿಂದಲೇ ಬಂತು ಎಂದು ವೆಸ್ಲಿ ಸೇರಿಸುತ್ತಿದ್ದನೇನೋ, ಅಲ್ಲಿಗೆ ನಮ್ಮ ಹೋಲಿಕೆಯೂ ಸೋಲುತ್ತದೆ.

ಹೀಗಿರುವಾಗ ‘ಕಥೋಲಿಕರದ್ದು ಕ್ರಿಯೆಯ ರಕ್ಷಣೆ, ನಮ್ಮದು ಕೃಪೆಯ ರಕ್ಷಣೆ’ ಎಂಬ ಪ್ರೊಟೆಸ್ಟಂಟ್ ವೇದಿಕೆಯ ಮಾತು ದಾಖಲೆಗೆ ನಿಲ್ಲುವುದಿಲ್ಲ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕರೂ ಲೂಥರನ್ನರೂ ದೇವರು ನಮ್ಮನ್ನು ಸ್ವೀಕರಿಸುವುದು ಕೃಪೆಯಿಂದಲೇ, ನಮ್ಮ ಅರ್ಹತೆಯಿಂದಲ್ಲ ಎಂಬ ಜಂಟಿ ಘೋಷಣೆಗೆ ಸಹಿ ಹಾಕಿದರು. 2006ರಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ವಿಶ್ವ ಮೆಥೋಡಿಸ್ಟ್ ಮಂಡಳಿಯೂ ಅದಕ್ಕೆ ಸೇರಿತು.

ಬಿಗಿಯಾಗಿ ಉಳಿದಿರುವುದು ಮೂರನೆಯ ಗಂಟು. ‘ಒಮ್ಮೆ ರಕ್ಷಣೆ ಹೊಂದಿದರೆ ಎಂದೆಂದಿಗೂ’ ಎಂದು ಕೆಲವು ಹೊಸ ಸಭೆಗಳಲ್ಲಿ ಬೋಧಿಸುತ್ತಾರೆ, ಕ್ರಿಸ್ತನನ್ನು ಒಪ್ಪಿಕೊಂಡೆ ಎಂದು ಕೈ ಎತ್ತಿದ ದಿನದ ತಾರೀಕನ್ನೂ ಬೈಬಲಿನಲ್ಲಿ ಬರೆಸುತ್ತಾರೆ. ಟ್ರೆಂಟ್ ಇದನ್ನು ಒಪ್ಪುವುದಿಲ್ಲ, ವೆಸ್ಲಿಯೂ ಒಪ್ಪಲಿಲ್ಲ. ವೆಸ್ಲಿ ಭರವಸೆ ಕೊಟ್ಟದ್ದು ಇವತ್ತಿನ ಸ್ಥಿತಿಯ ಬಗ್ಗೆ: ಪವಿತ್ರಾತ್ಮ ಒಳಗೆ ಸಾಕ್ಷಿ ಹೇಳುತ್ತಾನೆ. ಟ್ರೆಂಟ್ ಅಷ್ಟು ಖಚಿತತೆಯನ್ನೂ ಕೊಡುವುದಿಲ್ಲ. ಕಥೋಲಿಕರು ಪಾಸ್ಖ (ಈಸ್ಟರ್) ಜಾಗರಣೆಯ ರಾತ್ರಿ ಮೇಣದಬತ್ತಿ ಹಿಡಿದು ದೀಕ್ಷಾಸ್ನಾನದ ವಾಗ್ದಾನಗಳನ್ನು ವರ್ಷ ವರ್ಷ ಮತ್ತೆ ಹೇಳುತ್ತಾರೆ. ವೆಸ್ಲಿ 1755ರಲ್ಲಿ ಶುರು ಮಾಡಿದ ಒಡಂಬಡಿಕೆಯ ಆರಾಧನೆಯನ್ನು ಮೆಥೋಡಿಸ್ಟರು ಹೊಸವರ್ಷದ ಹೊತ್ತಿಗೆ ನಡೆಸುವ ರೂಢಿಯಿದೆ.