ದಾಮಾಷಾ ಮರೆತ ಸೀಮೆಯಲ್ಲಿ ಕೊಳವೆಬಾವಿ

ಹೋದ ಬೇಸಿಗೆಯಲ್ಲಿ ಮಾಲೂರಿನ ಕಡೆಯ ನೆಂಟರ ಮನೆಯಲ್ಲಿ ಉಳಿದಿದ್ದೆ. ಪಕ್ಕದ ಹೊಲದಲ್ಲಿ ರಾತ್ರಿಯಿಡೀ ರಿಗ್ ಲಾರಿಯ ಸದ್ದು. ಬೆಳಗಾಗುವಷ್ಟರಲ್ಲಿ ಎರಡು ಇಂಚು ನೀರು ಬಿದ್ದಿತ್ತು. ತೆಂಗಿನಕಾಯಿ ಒಡೆದು ಪುರಿ, ಬೆಲ್ಲ ಹಂಚಿದರು. ನಮ್ಮ ನೆಂಟರೂ ಕೈಯೊಡ್ಡಿ ತಿಂದರು. ತಿಂಗಳು ತುಂಬುವುದರೊಳಗೆ ಅವರ ಬೋರ್ ನಿಂತುಹೋಯಿತು. ಪಕ್ಕದವರನ್ನು ಅವರು ಕೇಳಲಿಲ್ಲ. ಏನೆಂದು ಕೇಳುವುದು? ಅವರ ನೆಲ, ಅವರ ಸಾಲ.

ಇದೇ ಸೀಮೆ ಕೆರೆ ನೀರಿನ ವಿಷಯದಲ್ಲಿ ಇಷ್ಟು ಮೂಕವಾಗಿರಲಿಲ್ಲ. ಚಿಕ್ಕಬಳ್ಳಾಪುರ 2007ರಲ್ಲಿ ಬೇರೆಯಾಗುವ ಮುಂಚಿನ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಪಾಲಾರ್, ಪೆನ್ನಾರ್ ಹುಟ್ಟುವುದು ಈ ಭಾಗದಲ್ಲಿಯೇ ಆದರೂ ಹೊಳೆ ಎನಿಸಿಕೊಳ್ಳುವುದು ಗಡಿ ದಾಟಿದ ಮೇಲೆ. ಹಾಗಾಗಿ ಒಂದು ಕೆರೆಯ ಕೋಡಿ ನೀರು ಮುಂದಿನ ಕೆರೆಗೆ, ಅದರದು ಅದರ ಮುಂದಿನದಕ್ಕೆ. ಮೇಲಿನ ಊರಿನವರು ಕೋಡಿಯನ್ನು ಒಂದು ಮೊಳ ಎತ್ತರಿಸಿದರೂ ಕೆಳಗಿನ ಊರಿಗೆ ಗೊತ್ತಾಗುತ್ತಿತ್ತು, ಜಗಳವಾಗುತ್ತಿತ್ತು. ಆ ಜಗಳಗಳ ಹೊಟ್ಟೆಯಲ್ಲಿಯೇ ಕಟ್ಟಳೆಗಳು ಹುಟ್ಟಿದವು. ಕೆರೆ ಕಟ್ಟಿಸಿದವನಿಗೆ ಬಿಟ್ಟ ಭೂಮಿಯನ್ನು ಶಾಸನಗಳು ಬಿತ್ತುವಟ್ಟ ಎನ್ನುತ್ತವೆ. ಅದನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪ. ದಂಡಕ್ಕೆ ಹೆದರದವನು ಶಾಪಕ್ಕಾದರೂ ಹೆದರಲಿ ಎಂಬ ಲೆಕ್ಕ.

ಈ ಕಟ್ಟಳೆಗಳಲ್ಲಿ ನನ್ನನ್ನು ಬೆರಗುಗೊಳಿಸುವುದು ಬರದ ವರ್ಷದ ದಾಮಾಷಾ. ಕೆರೆ ಅರ್ಧ ಮಾತ್ರ ತುಂಬಿದೆ ಎನ್ನಿ. ಅಚ್ಚುಕಟ್ಟಿಗೆಲ್ಲ, ಅಂದರೆ ಕೆರೆಯ ಕೆಳಗಿನ ಗದ್ದೆಗಳಿಗೆಲ್ಲ, ಆ ನೀರು ಸಾಲದು. ತೂಬಿನ ಬುಡದಲ್ಲಿ ಗದ್ದೆ ಇದ್ದವನು ನಾಟಿ ಮಾಡಿಕೊಳ್ಳಲಿ, ಕಾಲುವೆಯ ಕೊನೆಯವನು ಆಕಾಶ ನೋಡಲಿ ಎಂದು ಬಿಡುತ್ತಿರಲಿಲ್ಲ. ಎಷ್ಟು ನೆಲಕ್ಕೆ ನೀರು ಸಾಕಾಗುತ್ತದೆ ಎಂದು ಹಿರಿಯರು ಏರಿಯ ಮೇಲೆ ನಿಂತು ಅಂದಾಜು ಮಾಡುತ್ತಿದ್ದರು. ತೂಬಿಗೆ ಹತ್ತಿರವಿರುವ ಅಷ್ಟು ನೆಲವನ್ನು ಮಾತ್ರ, ಆ ಒಂದು ಬೆಳೆಯ ಮಟ್ಟಿಗೆ, ಅಚ್ಚುಕಟ್ಟುದಾರರೆಲ್ಲರಿಗೂ ಅವರವರ ಹಿಡುವಳಿಯ ಪ್ರಮಾಣದಲ್ಲಿ ಹಂಚುತ್ತಿದ್ದರು. ತನ್ನ ಗದ್ದೆಯಲ್ಲಿ ಇನ್ನೊಬ್ಬನು ನೇಗಿಲು ಹೂಡುವುದನ್ನು ಒಡೆಯ ನೋಡುತ್ತ ನಿಲ್ಲಬೇಕು. ಕೊಯ್ಲಾದ ಮೇಲೆ ನೆಲ ಮತ್ತೆ ಅವನದೇ. ದಿವಾಳಿಯಾದವನ ಆಸ್ತಿಯನ್ನು ಸಾಲ ಕೊಟ್ಟವರಿಗೆ ಪ್ರಮಾಣವಾಗಿ ಹಂಚುವುದಕ್ಕೂ ದಾಮಾಷಾ ಎಂದೇ ಹೆಸರು. ಕೆರೆ ದಿವಾಳಿಯಾದಾಗಲೂ ಅದೇ ನ್ಯಾಯ.

ಹಂಚಿದ್ದನ್ನು ಕಾಯುವವನು ನೀರುಗಂಟಿ. ತೂಬು ಎತ್ತುವುದು, ಇಳಿಸುವುದು ಅವನ ಕೆಲಸ. ಕಣದಲ್ಲಿ ಅಳೆದುಕೊಡುವ ಧಾನ್ಯ, ಒಂದಿಷ್ಟು ಇನಾಮು ಜಮೀನು ಅವನ ಸಂಬಳ. ಬಹಳಷ್ಟು ಊರುಗಳಲ್ಲಿ ಅವನು ದಲಿತ. ಊರಿನ ಗದ್ದೆಗಳಿಗೆಲ್ಲ ನೀರು ಹಾಯಿಸುವವನು ಊರಿನ ಸೇದುಬಾವಿಗೆ ಹಗ್ಗ ಇಳಿಸುವಂತಿರಲಿಲ್ಲ. ನೆಲವಿಲ್ಲದವನಿಗೆ ದಾಮಾಷಾದಲ್ಲಿ ಪಾಲೂ ಇರಲಿಲ್ಲ. ಹಳೆಯ ನೀತಿಯನ್ನು ಹೊಗಳುವ ಭಾಷಣಗಳಲ್ಲಿ ಈ ಎರಡು ಮಾತು ಬರುವುದಿಲ್ಲ.

ನೆಲದ ಕೆಳಗಿನ ನೀರಿನ ನೀತಿ ಬಂದದ್ದು ಬೇರೆ ದಾರಿಯಿಂದ. 1843ರಲ್ಲಿ ಇಂಗ್ಲೆಂಡಿನ ಒಬ್ಬ ಗಿರಣಿ ಮಾಲೀಕನ ಬಾವಿ ನೆರೆಯವನ ಕಲ್ಲಿದ್ದಲು ಗುಂಡಿಗಳಿಂದಾಗಿ ಬತ್ತಿತು. ತನ್ನ ನೆಲದಲ್ಲಿ ಅಗೆಯುವ ಹಕ್ಕು ಒಡೆಯನಿಗಿದೆ, ನೆರೆಯವನ ಬಾವಿ ಬತ್ತಿದರೆ ಅದಕ್ಕೆ ಪರಿಹಾರವಿಲ್ಲ ಎಂದಿತು ನ್ಯಾಯಾಲಯ. 1882ರ ಭಾರತೀಯ ಈಸ್‌ಮೆಂಟ್ಸ್ ಕಾಯ್ದೆಯಲ್ಲಿಯೂ ಇದೇ ತತ್ತ್ವ ಕುಳಿತಿತು: ನಿರ್ದಿಷ್ಟ ಕಾಲುವೆಯಾಗಿ ಹರಿಯದ ಅಂತರ್ಜಲವನ್ನು ತನ್ನ ಎಲ್ಲೆಯೊಳಗೆ ತೆಗೆದು ಬಳಸುವ ಹಕ್ಕು ಭೂಮಾಲೀಕನದು. ನಿಧಾನವಾಗಿ ದೇಶದ ಕಾನೂನಿನ ಬುದ್ಧಿಯೇ ಹಾಗಾಯಿತು. ಹತ್ತು ವರ್ಷದ ನಂತರ, 1892ರಲ್ಲಿ, ಮೈಸೂರು ಮತ್ತು ಮದರಾಸು ಸರ್ಕಾರಗಳು ಒಪ್ಪಂದ ಮಾಡಿಕೊಂಡವು. ಪಾಲಾರ್, ಪೆನ್ನಾರ್ ಮುಂತಾದ ಹೊಳೆಗಳಿಗೆ ಮದರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ಹೊಸ ಜಲಾಶಯ ಕಟ್ಟುವಂತಿಲ್ಲ. ಮೇಲೆ ಹರಿಯುವ ನೀರಿಗೆ ಎರಡು ಸರ್ಕಾರಗಳ ಸಹಿ, ಕೆಳಗಿನದಕ್ಕೆ ಕೇಳುವವರೇ ಇಲ್ಲ.

ಎತ್ತು ಕಟ್ಟಿ ಕಪಿಲೆಯಿಂದ ನೀರೆತ್ತುತ್ತಿದ್ದ ಕಾಲದಲ್ಲಿ ಈ ಹಕ್ಕಿನಿಂದ ದೊಡ್ಡ ಹಾನಿಯೇನೂ ಆಗಲಿಲ್ಲ. ಎತ್ತು ದಣಿಯುತ್ತದೆ, ಪಂಪು ದಣಿಯುವುದಿಲ್ಲ. ಅರವತ್ತರ ದಶಕದ ಬರಗಾಲದಲ್ಲಿ ಕುಡಿಯುವ ನೀರಿಗಾಗಿ ಯುನಿಸೆಫ್ 1967ರಲ್ಲಿ ಕೊರೆಯುವ ಯಂತ್ರಗಳನ್ನು ಭಾರತಕ್ಕೆ ತಂದಿತು. ಆಮೇಲೆ ತಮಿಳುನಾಡಿನ ತಿರುಚೆಂಗೋಡಿನಿಂದ ಬೋರ್ ಕೊರೆಯುವ ಲಾರಿಗಳು ಬಂದವು. ಹತ್ತು ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟಿಗೆ ವಿದ್ಯುತ್ ಪುಕ್ಕಟೆಯಾಯಿತು. ನಲವತ್ತು ಅಡಿಯ ಬಾವಿಯ ಜಾಗದಲ್ಲಿ ಸಾವಿರ ಅಡಿ ದಾಟುವ ತೂತುಗಳಾದವು. ಈ ನಡುವೆ 1961ರ ಗ್ರಾಮ ಕಚೇರಿಗಳ ರದ್ದತಿ ಕಾಯ್ದೆ ಪಟೇಲ, ಶಾನುಭೋಗರ ಜೊತೆಗೆ ನೀರುಗಂಟಿಯ ವಂಶಪಾರಂಪರ್ಯ ಹುದ್ದೆಯನ್ನೂ ತೆಗೆದಿತ್ತು. ವಂಶದ ಊಳಿಗ ಹೋಗಬೇಕಾದದ್ದೇ. ಆದರೆ ಕೆಲಸವೂ ಅದರ ಜೊತೆಯಲ್ಲೇ ಹೋಯಿತು.

ಏರಿಯ ಮೇಲೆ ನಿಂತರೆ ಕೆರೆಯಲ್ಲಿ ಎಷ್ಟು ನೀರಿದೆ, ರಾತ್ರಿ ಯಾರು ಕಾಲುವೆ ಒಡೆದರು ಎಂಬುದು ಕಾಣುತ್ತಿತ್ತು, ಕಳ್ಳನಿಗೆ ನಾಚಿಕೆಯೂ ಆಗುತ್ತಿತ್ತು. ಕರಿಬಂಡೆಯ ಬಿರುಕಿನಲ್ಲಿ ಹರಿಯುವ ನೀರು ಯಾರ ಹೊಲದಿಂದ ಯಾರ ಹೊಲಕ್ಕೆ ಹೋಯಿತೆಂದು ಹೇಳುವವರು ಯಾರು? ನಮ್ಮ ನೆಂಟರು ಬೆಲ್ಲ ತಿನ್ನುವಾಗ ಪಕ್ಕದವರ ಮುಖದಲ್ಲಿ ಸಂಕೋಚವಿರಲಿಲ್ಲ. ಇರಬೇಕಾದ ಕಾರಣವೂ ಅವರಿಗೆ ಕಾಣುತ್ತಿರಲಿಲ್ಲ.

ಸರ್ಕಾರ ಸುಮ್ಮನಿರಲಿಲ್ಲ. 1999ರ ಕಾಯ್ದೆ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡಬಾರದು ಎಂದಿತು. 2011ರ ಅಂತರ್ಜಲ ಕಾಯ್ದೆ ಅಧಿಸೂಚಿತ ಪ್ರದೇಶಗಳಲ್ಲಿ ಕೊರೆಯುವುದಕ್ಕೇ ಅನುಮತಿ ಬೇಕೆಂದಿತು. ಎರಡೂ ಬೇಕಾದವೇ. ಆದರೆ ಇವು ರೈತನಿಗೂ ಕಚೇರಿಗೂ ನಡುವಿನ ವ್ಯವಹಾರ. ದಾಮಾಷಾದಲ್ಲಿ ಮಾತು ನಡೆಯುತ್ತಿದ್ದುದು ರೈತರ ನಡುವೆಯೇ.

2018ರಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಇಳಿಯಿತು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಆಗಲಿ ಎಂಬ ಕೂಗು ಅಂದಿನಿಂದಲೂ ಇದೆ, ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕೆರೆ ತುಂಬಿಸುವ ಉದ್ದೇಶ ಅಂತರ್ಜಲ ಹೆಚ್ಚಿಸುವುದು. ಆ ಅಂತರ್ಜಲ ಯಾರದು ಎಂಬ ಪ್ರಶ್ನೆಗೆ ಮಾತ್ರ 1882ರ ಉತ್ತರವೇ ನಡೆಯುತ್ತಿದೆ.

ಕೇಂದ್ರದ ಅಟಲ್ ಭೂಜಲ ಯೋಜನೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಿಗೂ ಬಂದಿತು. ಅದರಲ್ಲಿ ಗ್ರಾಮ ಪಂಚಾಯಿತಿಗಳು ನೀರಿನ ಬಜೆಟ್ ಮಾಡಬೇಕು: ಎಷ್ಟು ಮಳೆ, ಎಷ್ಟು ಇಂಗಿತು, ಎಷ್ಟು ಎತ್ತಿದೆವು. ಅಂಥದ್ದೊಂದು ಲೆಕ್ಕವನ್ನು ಪಂಚಾಯಿತಿ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ್ದನ್ನು ಓದುತ್ತ ನಿಂತೆ. ಕಾಣದ ನೀರು ಕೊನೆಗೂ ಗೋಡೆಯ ಮೇಲಾದರೂ ಕಾಣುತ್ತಿತ್ತು. ಕೊರತೆಯ ಅಂಕಿಯನ್ನು ಕೆಂಪು ಬಣ್ಣದಲ್ಲಿ ಬರೆದಿದ್ದರು. ಆ ಕೊರತೆಗೆ ಈ ವರ್ಷ ಯಾರು ಎಷ್ಟು ಗುಂಟೆ ಟೊಮೆಟೊ ಬಿಡಬೇಕು ಎಂಬ ಸಾಲನ್ನು ಹುಡುಕಿದೆ. ಅಂಕಿಯ ಕೆಳಗೆ ಗೋಡೆ ಬರಿದಾಗಿತ್ತು, ಬರೆಯಲು ಜಾಗವೇನೋ ಇತ್ತು.